ಸುವಾರ್ತೆ ಕೇಳದೆ ಮಡಿದವರ ಗತಿ
ಕ್ರೈಸ್ತಮತದ ಒಂದು ಪುರಾತನ ಪ್ರಶ್ನೆಯೂ ಕನ್ನಡನಾಡೂ

ಬೆಂಗಳೂರು ನಗರದ ಉತ್ತರ ಭಾಗದಲ್ಲಿ ಕ್ರೈಸ್ತ ಗುರುಗಳನ್ನು ಸಿದ್ಧಪಡಿಸುವ ಎರಡು ಹಿರಿಯ ವಿದ್ಯಾಪೀಠಗಳಿವೆ. ಒಂದು, ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು. ಹಲವು ಪ್ರಾಟೆಸ್ಟಂಟ್ ಮಿಶನ್ನುಗಳು ಒಂದುಗೂಡಿ ಇದನ್ನು 1910ರಲ್ಲಿ ಸ್ಥಾಪಿಸಿದವು. ಮತ್ತೊಂದು, ಯಶವಂತಪುರಕ್ಕೆ ಸಮೀಪವಾಗಿ ಮಲ್ಲೇಶ್ವರದ ಪಶ್ಚಿಮಕ್ಕಿರುವ ಸಂತ ಪೇತ್ರರ ಗುರುಮಠ. ಪುದುಚ್ಚೇರಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಮೊದಲಾದ ಈ ಕಥೋಲಿಕ ಸಂಸ್ಥೆಯು 1934ರಲ್ಲಿ ಬೆಂಗಳೂರಿಗೆ ಬಂದು ನೆಲಸಿತು. ಕಥೋಲಿಕರು ತಮ್ಮ ಸೆಮಿನರಿಯನ್ನು ಕನ್ನಡದಲ್ಲಿ ಗುರುಮಠವೆಂದೂ ರೋಮಿನ ಪೋಪರನ್ನು ಜಗದ್ಗುರುಗಳೆಂದೂ ಕರೆಯುವ ರೂಢಿಯುಂಟು. ನೆರೆಮನೆಯಿಂದ ತಂದ ಮಾತುಗಳು ಅವರಲ್ಲಿಯೂ ಚೆನ್ನಾಗಿ ಬೇರೂರಿವೆ. ಈ ಎರಡು ಪೀಠಗಳ ನಡುವೆ ಆಚಾರದಲ್ಲಿಯೂ ಸಿದ್ಧಾಂತದಲ್ಲಿಯೂ ಭೇದಗಳು ಹಲವು. ಆದರೂ ಎರಡರಲ್ಲಿಯೂ ಪಂಡಿತರನ್ನು ಸಮಾನವಾಗಿ ಕಾಡಿದ ಪ್ರಶ್ನೆಯೊಂದಿದೆ: ಕ್ರಿಸ್ತನ ಹೆಸರನ್ನು ಒಮ್ಮೆಯಾದರೂ ಕೇಳದೆ ಮಡಿದವರ ಗತಿ ಏನು?

ಈ ಪ್ರಶ್ನೆಯು ಶ್ರೀಮಠದ ಭಕ್ತವೃಂದಕ್ಕೆ ಪರಕೀಯವೆಂದು ಮೊದಲ ನೋಟಕ್ಕೆ ತೋರಬಹುದು. ವಿಚಾರಿಸಿದರೆ ಹಾಗಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಗೋಷ್ಠಿಗಳನ್ನು ನಡೆಸಿದ ಬಸವಣ್ಣನವರು, ಅಲ್ಲಮಪ್ರಭುದೇವರು, ಅಕ್ಕಮಹಾದೇವಿ, ಮಡಿವಾಳ ಮಾಚಯ್ಯ ಮೊದಲಾದ ಶರಣರಲ್ಲಿ ಯೇಸುವಿನ ಸುವಾರ್ತೆಯನ್ನು ಕೇಳಿದವರು ಯಾರೂ ಇರಲಿಲ್ಲ. ಸಂಪೂರ್ಣ ಬೈಬಲ್ಲು ಕನ್ನಡದಲ್ಲಿ ಅಚ್ಚಾದುದು 1831ರ ವೇಳೆಗೆ. ಅದು ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರೂ ಅವರ ಸಂಗಡಿಗರೂ ನಡೆಸಿದ ದೀರ್ಘ ಪರಿಶ್ರಮದ ಫಲ. ಆದ್ದರಿಂದ "ಕೇಳದೆ ಮಡಿದವರು" ಎಂದಾಗ ಎಲ್ಲಿಯೋ ದ್ವೀಪಾಂತರದ ಕಾಡುಜನರ ಮಾತು ಮಾತ್ರ ಅದಾಗುವುದಿಲ್ಲ. ಕನ್ನಡಿಗನ ಅಜ್ಜ ಮುತ್ತಜ್ಜಂದಿರ ಮಾತೂ ಶರಣರ ಮಾತೂ ಅದರಲ್ಲಿ ಅಡಕವಾಗಿರುತ್ತದೆ.

ಈ ಪ್ರಶ್ನೆಯು ಕ್ರೈಸ್ತರಿಗೆ ಇಷ್ಟು ತೀಕ್ಷ್ಣವಾಗಲು ಕಾರಣವೂ ಉಂಟು. ಜನ್ಮಾಂತರಗಳನ್ನು ನಂಬುವವನಿಗೆ ಈ ಜನ್ಮದಲ್ಲಿ ದೊರೆಯದ ಗುರು ಮುಂದಿನ ಜನ್ಮದಲ್ಲಿ ದೊರೆತಾನೆಂಬ ಭರವಸೆಯಿದೆ. ಕ್ರೈಸ್ತಮತದಲ್ಲಿ ಮನುಷ್ಯನಿಗೆ ಒಂದೇ ಬಾಳು, ಒಂದೇ ಮರಣ, ಆಮೇಲೆ ನ್ಯಾಯತೀರ್ಪು. ಆ ಒಂದು ಬಾಳಿನಲ್ಲಿ ಸುವಾರ್ತೆ ತಲುಪದೆ ಹೋದರೆ ಎರಡನೆಯ ಅವಕಾಶಕ್ಕೆ ಎಡೆಯೆಲ್ಲಿ? ಇಷ್ಟಲಿಂಗವನ್ನು ಕರದಲ್ಲಿ ಧರಿಸಿ, ಈ ಭವವೇ ತನಗೆ ಕಡೆಯದೆಂದು ನಂಬಿ ನಡೆಯುವ ಶರಣನಿಗೆ ಈ ಇಕ್ಕಟ್ಟಿನ ಬಿಸಿ ಸುಲಭವಾಗಿ ತಟ್ಟೀತು.

ಬೈಬಲ್ಲಿನಲ್ಲಿಯೇ ಎರಡು ಸ್ವರಗಳು ಕೇಳಿಬರುತ್ತವೆ. ಕ್ರಿಸ್ತನ ಹೆಸರಿನಿಂದಲ್ಲದೆ ಬೇರೆ ಯಾವ ಹೆಸರಿನಿಂದಲೂ ರಕ್ಷಣೆಯಿಲ್ಲವೆಂಬ ಮಾತು ಅಪೊಸ್ತಲರ ಚರಿತ್ರೆಯಲ್ಲಿದೆ. ಎಲ್ಲ ಮನುಷ್ಯರೂ ರಕ್ಷಿತರಾಗಬೇಕೆಂಬುದೇ ದೇವರ ಚಿತ್ತವೆಂದು ಪೌಲನ ಹೆಸರಿನ ಪತ್ರವೊಂದು ಹೇಳುತ್ತದೆ. ಇವೆರಡರ ನಡುವೆ ಪೇತ್ರನ ಮೊದಲ ಪತ್ರದಲ್ಲಿ ವಿಚಿತ್ರವಾದ ಒಂದು ಪ್ರಸ್ತಾಪವಿದೆ: ಕ್ರಿಸ್ತನು ಮರಣಾನಂತರ ಸೆರೆಯಲ್ಲಿದ್ದ ಆತ್ಮಗಳ ಬಳಿಗೆ ಹೋಗಿ ಸಾರಿದನು, ಸತ್ತವರಿಗೂ ಸುವಾರ್ತೆ ಸಾರಲ್ಪಟ್ಟಿತು ಎಂಬುದು. ಕ್ರೈಸ್ತರು ಪಠಿಸುವ ವಿಶ್ವಾಸ ಪ್ರಮಾಣದಲ್ಲಿಯೂ ಆತನು ಮೃತರ ಲೋಕಕ್ಕೆ ಇಳಿದನೆಂಬ ಮಾತು ಸೇರಿದೆ. ಎರಡನೆಯ ಶತಮಾನದ ಜಸ್ಟಿನನು, ದೇವರ ವಾಕ್ಕಿನ ಬೀಜವು ಎಲ್ಲ ಜನಾಂಗಗಳಲ್ಲಿಯೂ ಬಿದ್ದಿದೆಯೆಂದೂ ಅದರಂತೆ ಬಾಳಿದ ಸಾಕ್ರೆಟೀಸನಂಥವರು ಕ್ರೈಸ್ತರೇ ಎಂದೂ ಬರೆದನು. ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಪೇತ್ರನ ಮಾತನ್ನು ಹಿಡಿದು, ಮೃತರ ಲೋಕದಲ್ಲಿಯೂ ಉಪದೇಶ ನಡೆಯಿತೆಂದೂ ನೀತಿವಂತರಾಗಿ ಬಾಳಿದವರು ಅಲ್ಲಿಯೇ ಅದನ್ನು ಕೇಳಿ ಒಪ್ಪಿದರೆಂದೂ ಹೇಳಿದನು. ಅದೇ ಊರಿನ ಓರಿಜನನು ಇನ್ನೂ ಮುಂದೆ ಹೋಗಿ, ಕೊನೆಗೆ ಸಕಲ ಜೀವಗಳೂ ದೇವರಿಗೆ ಹಿಂದಿರುಗುವುವೆಂದು ಊಹಿಸಿದನು. ಆ ಮತವು ಆರನೆಯ ಶತಮಾನದಲ್ಲಿ ಖಂಡನೆಗೆ ಗುರಿಯಾಯಿತು.

ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಪ್ರಸಿದ್ಧವಾದ ಮಾತು ಕಾರ್ಥೇಜಿನ ಸಿಪ್ರಿಯನನದು. ಅವನು ಮೂರನೆಯ ಶತಮಾನದಲ್ಲಿ ಅದನ್ನು ಹೇಳಿದುದು ಸಭೆಯನ್ನು ಒಡೆದು ಹೊರಗೆ ಹೋದವರನ್ನು ಕುರಿತು. ಸುವಾರ್ತೆಯನ್ನೇ ಕೇಳದವರು ಅವನ ಲಕ್ಷ್ಯದಲ್ಲಿರಲಿಲ್ಲ. ಮನೆಯವರನ್ನು ಗದರಿಸಲು ಆಡಿದ ಮಾತನ್ನು ಬೀದಿಯವರಿಗೂ ಅನ್ವಯಿಸಿದಂತೆ ಮುಂದೆ ಅದರ ವ್ಯಾಪ್ತಿ ಬೆಳೆಯಿತು. 1442ರ ಫ್ಲಾರೆನ್ಸ್ ಮಹಾಸಭೆಯು, ಯೆಹೂದ್ಯರೂ ಅನ್ಯಮತೀಯರೂ ಪಂಥಭೇದಿಗಳೂ ಮರಣಕ್ಕೆ ಮುಂಚೆ ಸಭೆಯನ್ನು ಸೇರದಿದ್ದರೆ ನಿತ್ಯಾಗ್ನಿಗೆ ಹೋಗುವರೆಂದು ನಿರ್ಣಯಿಸಿತು. ಇಂಥ ಕಠೋರವಾದ ನಿರ್ಣಯ ಹೇಗೆ ಸಾಧ್ಯವಾಯಿತು? ಆ ಕಾಲದ ಯುರೋಪಿಯನರ ಭೂಗೋಳ ಜ್ಞಾನವೇ ಇದಕ್ಕೆ ಮುಖ್ಯ ಕಾರಣ. ಭೂಮಂಡಲದಲ್ಲೆಲ್ಲ ಸುವಾರ್ತೆ ಸಾರಿಯಾಗಿದೆ, ಸೇರದವನು ಬೇಕೆಂದೇ ಸೇರದವನು ಎಂಬ ಭಾವನೆ ಅವರಲ್ಲಿ ಬಲವಾಗಿತ್ತು. ಕೇಳದವನು ಅವರ ಕಣ್ಣಿಗೆ ಅಪರೂಪದ ಪ್ರಾಣಿ. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸನು ಅಂಥವನ ಉದಾಹರಣೆಗೆ, ಅರಣ್ಯದಲ್ಲಿ ಮೃಗಗಳ ನಡುವೆ ಬೆಳೆದ ಒಬ್ಬ ಒಂಟಿ ಮನುಷ್ಯನನ್ನು ಕಲ್ಪಿಸಬೇಕಾಯಿತು. ಅವನು ತನ್ನ ಬುದ್ಧಿಗೆ ತೋರಿದ ಒಳಿತನ್ನು ಅನುಸರಿಸಿದರೆ ದೇವರು ಅಂತಃಪ್ರೇರಣೆಯಿಂದಲೋ ಉಪದೇಶಕನನ್ನು ಕಳುಹಿಸಿಯೋ ಕಾಪಾಡುವನೆಂದು ಅಕ್ವಿನಾಸನ ಸಮಾಧಾನ.

ಆದರೆ ಆ ಯುಗದಲ್ಲಿಯೇ ಒಬ್ಬ ಮಹಾಕವಿಗೆ ಈ ಸಮಾಧಾನ ಸಾಲದೆ ಹೋಯಿತು. ಕಲ್ಯಾಣದ ವಿಪ್ಲವ ನಡೆದ ಸುಮಾರು ನೂರೈವತ್ತು ವರ್ಷಗಳ ಮೇಲೆ, ಇಟಲಿಯ ದಾಂಟೆಯು ತನ್ನ ಮಹಾಕಾವ್ಯದ ಸ್ವರ್ಗಕಾಂಡದಲ್ಲಿ ಈ ಸಂಶಯವನ್ನೇ ಎತ್ತಿದನು. ಆಶ್ಚರ್ಯವೆಂದರೆ, ಅವನು ಉದಾಹರಣೆಗೆ ಆರಿಸಿಕೊಂಡ ಮನುಷ್ಯನು ಹಿಂದೂಸ್ಥಾನದವನು! ಸಿಂಧೂ ನದಿಯ ದಡದಲ್ಲಿ ಒಬ್ಬನು ಹುಟ್ಟುತ್ತಾನೆ, ಕ್ರಿಸ್ತನನ್ನು ಕುರಿತು ಹೇಳುವವರಾಗಲಿ ಓದುವವರಾಗಲಿ ಬರೆಯುವವರಾಗಲಿ ಅಲ್ಲಿಲ್ಲ, ಅವನ ಇಚ್ಛೆಗಳೂ ಕಾರ್ಯಗಳೂ ಮನುಷ್ಯ ಬುದ್ಧಿಗೆ ತಿಳಿದ ಮಟ್ಟಿಗೆ ನಿರ್ದುಷ್ಟ, ದೀಕ್ಷಾಸ್ನಾನವಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಎಲ್ಲಿಯದು ಎಂಬುದು ಪ್ರಶ್ನೆ. ದೇವರ ನ್ಯಾಯದ ಆಳವನ್ನು ಅಳೆಯಲು ನೀನಾರೆಂಬ ಗದರಿಕೆಯೇ ಅಲ್ಲಿ ಮೊದಲು ದೊರೆಯುವ ಉತ್ತರ. ಅದರ ಹಿಂದೆಯೇ, ಬಾಯಲ್ಲಿ ಕ್ರಿಸ್ತನನ್ನು ಕೂಗುವ ಎಷ್ಟೋ ಮಂದಿ ತೀರ್ಪಿನ ದಿನದಲ್ಲಿ ಅವನನ್ನು ಅರಿಯದವರಿಗಿಂತ ದೂರ ನಿಲ್ಲುವರೆಂಬ ಎಚ್ಚರಿಕೆ ಬರುತ್ತದೆ. ಮುಂದಿನ ಸರ್ಗದಲ್ಲಿ ಟ್ರಾಯ್ ನಗರದ ಒಬ್ಬ ನ್ಯಾಯವಂತನೂ ರೋಮಿನ ಟ್ರಾಜನ್ ಚಕ್ರವರ್ತಿಯೂ ಸ್ವರ್ಗದಲ್ಲಿ ಕಾಣಿಸಿಕೊಳ್ಳುತ್ತಾರೆ. ಪಂಡಿತರು ಮುಚ್ಚಿದ ಬಾಗಿಲನ್ನು ಕವಿಯು ಒಂದಿಷ್ಟು ಓರೆಮಾಡಿ ಇಟ್ಟನೆಂದು ಹೇಳಬಹುದು.

1492ರಲ್ಲಿ ಅಮೆರಿಕವೂ 1498ರಲ್ಲಿ ಹಿಂದೂಸ್ಥಾನದ ಜಲಮಾರ್ಗವೂ ಯುರೋಪಿಯನರಿಗೆ ದೊರೆತ ಮೇಲೆ, ಅಕ್ವಿನಾಸನ ಒಂಟಿ ಅರಣ್ಯವಾಸಿಯು ಇದ್ದಕ್ಕಿದ್ದಂತೆ ಕೋಟಿ ಕೋಟಿ ಜನರಾಗಿ ಎದುರಿಗೆ ನಿಂತನು. ಸ್ಪೇನಿನ ವಿಟೋರಿಯ ಪಂಡಿತನು 1539ರಲ್ಲಿ, ಸುವಾರ್ತೆ ತಲುಪುವುದಕ್ಕೆ ಮುಂಚೆ ಅಮೆರಿಕದ ಜನರಿಗೆ ಅವಿಶ್ವಾಸದ ಪಾಪವಿರಲಿಲ್ಲವೆಂದು ವಾದಿಸಿದನು. ಪ್ರಾಟೆಸ್ಟಂಟರಲ್ಲಿ ಸ್ವಿಟ್ಸರ್ಲೆಂಡಿನ ಜ್ವಿಂಗ್ಲಿಯು ಅದಕ್ಕೂ ಮೊದಲೇ ಸಾಕ್ರೆಟೀಸನನ್ನೂ ಹರ್ಕ್ಯುಲಿಸನನ್ನೂ ಸ್ವರ್ಗವಾಸಿಗಳ ಪಟ್ಟಿಯಲ್ಲಿ ಸೇರಿಸಿ ಲೂಥರನ ಕೋಪಕ್ಕೆ ಪಾತ್ರನಾದನು.

ಗ್ರಂಥಗಳಲ್ಲಿ ನಡೆದ ಈ ವಾದಗಳಿಗಿಂತ ಹೃದಯವನ್ನು ಮುಟ್ಟುವ ಘಟನೆ ಜಪಾನಿನದು. ಗೋವೆಯಲ್ಲಿ ಯಾರ ಪಾರ್ಥಿವ ಶರೀರವನ್ನು ಈಗಲೂ ಇರಿಸಿದೆಯೋ ಆ ಫ್ರಾನ್ಸಿಸ್ ಕ್ಸೇವಿಯರನು 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅದನ್ನು ವರ್ಣಿಸಿದ್ದಾನೆ. ಹೊಸದಾಗಿ ಕ್ರೈಸ್ತರಾದ ಜಪಾನೀಯರು ತಮ್ಮ ಮಡಿದ ತಂದೆತಾಯಿಗಳನ್ನೂ ಹೆಂಡಿರು ಮಕ್ಕಳನ್ನೂ ನೆನೆದು, ಅವರನ್ನು ನರಕದಿಂದ ಬಿಡಿಸುವ ಉಪಾಯ ಯಾವುದೂ ಇಲ್ಲವೇ ಎಂದು ಅವನನ್ನು ಕೇಳಿದರು. ಇಲ್ಲವೆಂದು ಅವನು ಹೇಳಬೇಕಾಯಿತು. ಅವರು ಅತ್ತರು, ಅವರ ಅಳುವನ್ನು ಕಂಡು ತಾನೂ ನೊಂದೆನೆಂದು ಆ ಸಂತನು ಒಪ್ಪಿಕೊಂಡಿದ್ದಾನೆ. ಯುರೋಪಿನಲ್ಲಿಯೇ ಇಂಥದೊಂದು ಹಳೆಯ ಐತಿಹ್ಯವಿದೆ. ಎಂಟನೆಯ ಶತಮಾನದ ಆದಿಯಲ್ಲಿ ಫ್ರೀಸಿಯ ದೇಶದ ರಾಡ್ಬೋಡ್ ದೊರೆಯು ದೀಕ್ಷಾಸ್ನಾನಕ್ಕೆ ಕಾಲಿಟ್ಟವನು, ತನ್ನ ಪೂರ್ವಿಕರೆಲ್ಲಿರುವರೆಂದು ವಿಚಾರಿಸಿ, ನರಕದಲ್ಲಿ ಎಂಬ ಉತ್ತರ ಬರಲು, ಹಾಗಾದರೆ ತನಗೂ ಅಲ್ಲಿಯೇ ಇರಲೆಂದು ಕಾಲನ್ನು ಹಿಂದೆಗೆದನಂತೆ. ಕನ್ನಡ ನಿಘಂಟಿನ ಕರ್ತೃಗಳಾದ ಕಿಟ್ಟೆಲ್ ಪಂಡಿತರು ಹುಟ್ಟಿದುದು ಆ ಫ್ರೀಸಿಯ ಸೀಮೆಯ ಪೂರ್ವಭಾಗದಲ್ಲಿ ಎಂಬುದು ಕುತೂಹಲದ ಸಂಗತಿ.

ಕನ್ನಡನಾಡಿಗೆ ಬಂದ ಮಿಶನರಿಗಳೆಲ್ಲರೂ ಈ ಪ್ರಶ್ನೆಗೆ ಒಂದೇ ಉತ್ತರವನ್ನು ಹೊತ್ತು ತಂದವರಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ಜನರ ನಡುವೆ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರು, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ನಿರ್ಧರಿಸಿ, 1823ರಲ್ಲಿ ಹಾಗೆಂದು ಅಚ್ಚುಹಾಕಿಸಿ ಸ್ವದೇಶಕ್ಕೆ ಹಿಂದಿರುಗಿದರು. ಮತಾಂತರ ಅಸಾಧ್ಯ, ಮತಾಂತರವಿಲ್ಲದೆ ರಕ್ಷಣೆಯೂ ಇಲ್ಲ ಎಂದರೆ ಒಂದು ಜನಾಂಗದ ಪಾಡೇನಾಗಬೇಕು? ಬಳ್ಳಾರಿಯಲ್ಲಿ 1810ರಿಂದಲೂ ಬೆಂಗಳೂರಿನಲ್ಲಿ 1820ರಿಂದಲೂ ನೆಲೆಸಿದ ಲಂಡನ್ ಮಿಶನ್ನಿನವರು ಬಹುಮಟ್ಟಿಗೆ ಕಾಲ್ವಿನನ ಸಂಪ್ರದಾಯದವರು. ಆ ಸಂಪ್ರದಾಯದ ವೆಸ್ಟ್‌ಮಿನ್‌ಸ್ಟರ್ ಪ್ರಮಾಣವು, ಕ್ರೈಸ್ತಮತವನ್ನು ಅಂಗೀಕರಿಸದವರು ಸ್ವಭಾವದ ಬೆಳಕಿಗೆ ತಕ್ಕಂತೆ ಎಷ್ಟೇ ಶ್ರದ್ಧೆಯಿಂದ ಬಾಳಿದರೂ ರಕ್ಷಿತರಾಗರೆಂದು ಹದಿನೇಳನೆಯ ಶತಮಾನದಲ್ಲಿಯೇ ಸಾರಿತ್ತು. ಇದಕ್ಕೆ ವಿರುದ್ಧವಾಗಿ, ಗುಬ್ಬಿಯಲ್ಲಿ 1837ರ ಸುಮಾರಿಗೆ ಠಾಣ್ಯ ಹೂಡಿದ ವೆಸ್ಲಿಯನ್ ಮಿಶನ್ನಿನ ಮೂಲಪುರುಷ ಜಾನ್ ವೆಸ್ಲಿಯು, ಸುವಾರ್ತೆ ತಲುಪದವರಿಗೆ ನರಕದ ತೀರ್ಪು ಕೊಡಲು ತನಗೆ ಅಧಿಕಾರವಿಲ್ಲವೆಂದೂ ಅವರನ್ನು ಅವರ ಸೃಷ್ಟಿಕರ್ತನ ಕೈಗೆ ಬಿಡಬೇಕೆಂದೂ ತನ್ನ ಕಡೆಯ ವರ್ಷಗಳ ಉಪನ್ಯಾಸದಲ್ಲಿ ಹೇಳಿದ್ದನು. ಚನ್ನಬಸವೇಶ್ವರಸ್ವಾಮಿಯ ಜಾತ್ರೆಗೆ ಪ್ರಸಿದ್ಧವಾದ ಗುಬ್ಬಿಯ ಪೇಟೆಯಲ್ಲಿ ನಿಂತು ಬೋಧಿಸಿದ ಆತನ ಅನುಯಾಯಿಗಳೆಲ್ಲರೂ ಗುರುವಿನಷ್ಟು ಮೃದುವಾಗಿರಲಿಲ್ಲ.

ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕೆಲಸಮಾಡಿದ ಬಾಸೆಲ್ ಮಿಶನ್ನಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಪಾದ್ರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರೂ ಅಲ್ಲಿಯವರೇ. ಆ ಸೀಮೆಯ ಭಕ್ತಜನರಲ್ಲಿ ಓರಿಜನನ ಹಳೆಯ ಆಸೆಯು ಬೂದಿ ಮುಚ್ಚಿದ ಕೆಂಡದಂತೆ ಉಳಿದುಬಂದಿತ್ತು. ಹದಿನೆಂಟನೆಯ ಶತಮಾನದ ಬೆಂಗೆಲ್ ಪಂಡಿತನು ಸರ್ವರ ಪುನಃಸ್ಥಾಪನೆಯನ್ನು ಮನಸ್ಸಿನಲ್ಲಿ ನಂಬಿದರೂ ಅದನ್ನು ಬಹಿರಂಗವಾಗಿ ಬೋಧಿಸುವುದು ತರವಲ್ಲವೆಂದು ಭಾವಿಸಿದನು. ಅವನ ಹಿಂದೆ ಬಂದ ಏಟಿಂಗರನೂ ಮಿಖಾಯೆಲ್ ಹಾನನೂ ಅಷ್ಟು ಸಂಕೋಚಪಡಲಿಲ್ಲ. 1830ರಿಂದ 1837ರವರೆಗೆ ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಅಧ್ಯಾಪಕನಾಗಿದ್ದ ಬ್ಲೂಮ್‌ಹಾರ್ಟನು ದೇವರ ಕರುಣೆಯು ಕಡೆಗೆ ಎಲ್ಲರನ್ನೂ ಮುಟ್ಟುವುದೆಂದು ಮುಂದೆ ಹಾರೈಸಿದವನು. ಹೀಗೆ, ಬೀದಿಯ ಬೋಧನೆಯಲ್ಲಿಯೂ ಚಿಕ್ಕ ಚಿಕ್ಕ ಪುಸ್ತಿಕೆಗಳಲ್ಲಿಯೂ ನರಕದ ಬೆದರಿಕೆ ಇದ್ದೇ ಇದ್ದರೂ, ಬೋಧಿಸಿದವರ ತವರಿನಲ್ಲಿ ಬೇರೊಂದು ನಿರೀಕ್ಷೆಯೂ ಜೀವದಿಂದಿತ್ತು.

ಅದೇ ಪಾದ್ರಿಗಳು ಕನ್ನಡದ ಗ್ರಂಥಗಳನ್ನು ಹುಡುಕತೊಡಗಿದರು. ಮೋಗ್ಲಿಂಗರು 1848ರಿಂದ 1853ರ ನಡುವೆ ಹೊರತಂದ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಚನ್ನಬಸವಪುರಾಣವೂ ಸೇರಿದುವು. ವುರ್ಥ್ ಪಾದ್ರಿಗಳು 1860ರ ದಶಕದಲ್ಲಿ ಅವುಗಳ ಸಾರವನ್ನು ಇಂಗ್ಲಿಷಿಗೆ ತಂದರು. ಖಂಡನೆಗಾಗಿ ಓದಲು ಕುಳಿತವರೂ ಅವರಲ್ಲಿದ್ದರು. ಆದರೆ ಒಂದು ಜನರ ಪದ, ಪುರಾಣ, ಗಾದೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಮುಳುಗಿದವನಿಗೆ ಆ ಜನರ ಪಿತೃಗಳೆಲ್ಲರೂ ಬೆಂಕಿಯಲ್ಲಿರುವರೆಂಬ ಮಾತು ಮೊದಲಿನಷ್ಟು ಸಲೀಸಾಗಿ ನಾಲಗೆಗೆ ಬರುವುದಿಲ್ಲ.

ಈ ಬದಲಾವಣೆ ಪೂರ್ಣವಾಗಿ ಕಾಣಿಸಿದುದು ರೆವರೆಂಡ್ ಉತ್ತಂಗಿ ಚನ್ನಪ್ಪನವರಲ್ಲಿ. ಅವರ ಪೂರ್ವಿಕರು ಈಗಿನ ವಿಜಯನಗರ ಜಿಲ್ಲೆಗೆ ಸೇರಿದ ಹಡಗಲಿ ತಾಲ್ಲೂಕಿನ ಉತ್ತಂಗಿಯ ಲಿಂಗಾಯತರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ, ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪವನ್ನೂ ಸಿದ್ಧರಾಮ, ಆದಯ್ಯ, ಮೋಳಿಗೆಯ ಮಾರಯ್ಯನವರ ವಚನಗಳನ್ನೂ ಕುರಿತು ಅವರು ಪಟ್ಟ ಶ್ರಮವು ವಚನ ಸಾಹಿತ್ಯದ ಅಭ್ಯಾಸಿಗಳಿಗೆ ವಿದಿತವೇ ಇದೆ. 1949ರ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ದೊರೆಯಿತು. ಕ್ರಿಸ್ತಭಕ್ತಿಯನ್ನು ಒಂದಿನಿತೂ ಸಡಿಲಿಸದ ಈ ಪಾದ್ರಿಗಳು ತಮ್ಮ ಅಜ್ಜಂದಿರು ಪೂಜಿಸಿದ ಶರಣರ ಮಾತುಗಳನ್ನು ದೈವೀ ಸಂಪತ್ತೆಂಬಂತೆ ಜೋಪಾನಮಾಡಿದರು. ಕ್ಸೇವಿಯರನ ಮುಂದೆ ಅತ್ತ ಜಪಾನೀಯರಿಗೆ ದೊರೆಯದ ಸಮಾಧಾನವನ್ನು ಉತ್ತಂಗಿಯವರು ಸಿದ್ಧಾಂತದಿಂದಲ್ಲ, ಸಂಪಾದನ ಕಾರ್ಯದಿಂದ ದೊರಕಿಸಿಕೊಂಡರೆಂದು ತೋರುತ್ತದೆ.

ಅಷ್ಟರಲ್ಲಿ ಯುರೋಪಿನ ಗಾಳಿಯೂ ತಿರುಗಿತ್ತು. ನಿತ್ಯದಂಡನೆಯನ್ನು ಸಂಶಯಿಸಿದುದಕ್ಕಾಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ 1853ರಲ್ಲಿ ಎಫ್. ಡಿ. ಮಾರಿಸರು ಹೊರಬೀಳಬೇಕಾಯಿತು, 1877ರಲ್ಲಿಯಾದರೋ ಫ್ಯಾರರ್ ಪಾದ್ರಿಗಳು ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಪೀಠದಿಂದಲೇ ಮರಣಾನಂತರದ ನಿರೀಕ್ಷೆಯನ್ನು ಸಾರಿ ಪದವಿಯನ್ನು ಉಳಿಸಿಕೊಂಡರು. 1910ರಲ್ಲಿ ಎಡಿನ್‌ಬರೋದ ಮಿಶನರಿ ಮಹಾಸಭೆಯು ಅನ್ಯಧರ್ಮಗಳಲ್ಲಿಯ ಸತ್ಯಾಂಶಗಳನ್ನು ಕುರಿತು ಮಿಶನರಿಗಳಿಂದಲೇ ವರದಿ ತರಿಸಿತು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಹುಟ್ಟಿದುದು ಆ ವರ್ಷವೇ. ಅಲ್ಲಿ 1930 ಮತ್ತು 40ರ ದಶಕಗಳಲ್ಲಿ ಧರ್ಮಗಳ ಚರಿತ್ರೆಯನ್ನು ಬೋಧಿಸಿದ ಪಿ. ಡಿ. ದೇವಾನಂದನ್ ಅವರು, ಮುಂದೆ 1957ರಲ್ಲಿ ಬೆಂಗಳೂರಿನಲ್ಲಿಯೇ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಒಂದು ಕ್ರೈಸ್ತ ಸಂಸ್ಥೆಯನ್ನು ಆರಂಭಿಸಿದರು. ಅನ್ಯಧರ್ಮಗಳಲ್ಲಿ ಕಾಣುವ ಹೊಸ ಜೀವಕಳೆಯು ದೇವರ ಕಾರ್ಯವಲ್ಲವೆಂದು ಕ್ರೈಸ್ತ ವಿಶ್ವಾಸಿಯು ಹೇಳುವುದು ಕಷ್ಟವೆಂಬುದು 1961ರ ದೆಹಲಿಯ ವಿಶ್ವಸಭೆಯಲ್ಲಿ ಅವರು ಮಂಡಿಸಿದ ಅಭಿಪ್ರಾಯ. ಮರುವರ್ಷವೇ ಅವರು ತೀರಿಕೊಂಡರು.

ಅವರ ಶಿಷ್ಯರಲ್ಲಿ ಕನ್ನಡಿಗರಾದ ಸ್ಟ್ಯಾನ್ಲಿ ಸಮರ್ಥರು ಮುಖ್ಯರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪರಂಪರೆಯಲ್ಲಿ ಬೆಳೆದು, ಮಂಗಳೂರಿನ ಸೆಮಿನರಿಯಲ್ಲಿಯೂ ಮಿಲ್ಲರ್ಸ್ ರಸ್ತೆಯ ಕಾಲೇಜಿನಲ್ಲಿಯೂ ಅಧ್ಯಾಪನ ಮಾಡಿ, ಜಿನೀವದ ಜಾಗತಿಕ ಸಭಾಮಂಡಲಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ಶಾಖೆಗೆ 1971ರಿಂದ 1980ರವರೆಗೆ ನಿರ್ದೇಶಕರಾಗಿದ್ದರು. "ಕೇಳದವರ ಗತಿ ಏನು" ಎಂದು ಕೇಳುವ ರೀತಿಯನ್ನೇ ಅವರು ಬದಲಾಯಿಸಿದರು. ದೇವರು ಅಪಾರವಾದ ರಹಸ್ಯ. ಆ ರಹಸ್ಯಕ್ಕೆ ಹಲವು ಜನಾಂಗಗಳು ಹಲವು ರೀತಿಯಲ್ಲಿ ಓಗೊಟ್ಟಿವೆ. ಕ್ರಿಸ್ತನು ಕ್ರೈಸ್ತರ ಸ್ವತ್ತಲ್ಲ ಎಂಬುದು 1991ರಲ್ಲಿ ಪ್ರಕಟವಾದ ಅವರ ಗ್ರಂಥದ ತಾತ್ಪರ್ಯ. ಇದು ಅತಿಯಾಯಿತೆಂದು ಕ್ರೈಸ್ತರಲ್ಲಿಯೇ ಹಲವರು ಆಕ್ಷೇಪಿಸಿದರು. ಸಮರ್ಥರು 2001ರಲ್ಲಿ ಬೆಂಗಳೂರಿನಲ್ಲಿ ಕಾಲವಶರಾದರು.

ಕಥೋಲಿಕರ ದಾರಿ ಬೇರೆ. ಹಳೆಯ ನಿರ್ಣಯವನ್ನು ತಳ್ಳಿಹಾಕದೆ ಅದರ ಅರ್ಥವನ್ನು ಹಿಗ್ಗಿಸುವುದು ಅವರ ಕ್ರಮ. 1863ರಲ್ಲಿ ಒಂಬತ್ತನೆಯ ಪಯಸ್ ಜಗದ್ಗುರುಗಳು, ತಮ್ಮ ತಪ್ಪಿಲ್ಲದೆ ಅಜ್ಞಾನದಲ್ಲಿದ್ದು ನೀತಿಯಿಂದ ಬಾಳುವವರು ನಿತ್ಯದಂಡನೆಗೆ ಗುರಿಯಾಗರೆಂದರು. 1949ರಲ್ಲಿ, ಅಮೆರಿಕದ ಬಾಸ್ಟನ್ ನಗರದ ಫೀನಿ ಎಂಬ ಪಾದ್ರಿಯು ಸಭೆಯ ಹೊರಗಿನವರೆಲ್ಲರಿಗೂ ನರಕವೇ ಎಂದು ಹಟಹಿಡಿದಾಗ, ಅದು ಸಭೆಯ ಬೋಧನೆಯಲ್ಲವೆಂದು ರೋಮು ತಿಳಿಸಿತು. ಅವನು ರೋಮಿನ ಕರೆಗೆ ಓಗೊಡದೆ ಹೋದುದರಿಂದ 1953ರಲ್ಲಿ ಅವನನ್ನೇ ಸಭೆಯಿಂದ ಹೊರಗೆ ಹಾಕಲಾಯಿತು. ತಾನು ಇತರರಿಗೆ ವಿಧಿಸಿದ ಸ್ಥಾನ ತನಗೇ ಬಂದಾಗ ಅವನಿಗೆ ಏನೆನಿಸಿತೋ! ಕಟ್ಟಕಡೆಗೆ 1964ರ ನವಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಸುವಾರ್ತೆಯನ್ನು ತಮ್ಮ ದೋಷವಿಲ್ಲದೆ ಅರಿಯದವರು ಶುದ್ಧ ಹೃದಯದಿಂದ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ನಡೆದರೆ ನಿತ್ಯ ರಕ್ಷಣೆಯನ್ನು ಪಡೆಯಬಲ್ಲರೆಂದು ಘೋಷಿಸಿತು. ಜರ್ಮನಿಯ ರಾಹ್ನರ್ ಪಂಡಿತರು ಅಂಥವರನ್ನು "ಹೆಸರಿಲ್ಲದ ಕ್ರೈಸ್ತರು" ಎಂದು ಕರೆದರು. ಉದ್ದೇಶ ಉದಾರವಾದುದೇ. ಆದರೂ ತನಗೆ ತಿಳಿಯದೆ ತನ್ನ ಹೆಸರು ಬೇರೊಬ್ಬರ ಖಾತೆಯಲ್ಲಿ ದಾಖಲಾಗಿದೆಯೆಂದು ಕೇಳಿದವನಿಗೆ ಅದರಿಂದ ಸಂತೋಷವಾದೀತೆಂದು ಹೇಳಲು ಬಾರದು.

ಈ ವಿಷಯದಲ್ಲಿ ಕ್ರೈಸ್ತರೆಲ್ಲರೂ ಏಕಾಭಿಪ್ರಾಯಕ್ಕೆ ಬಂದಿರುವರೆಂದು ಭಾವಿಸಬಾರದು. 1974ರ ಲೊಸಾನ್ ಒಡಂಬಡಿಕೆಯು ಕ್ರಿಸ್ತನೊಬ್ಬನೇ ರಕ್ಷಕನೆಂದೂ ಎಲ್ಲ ಧರ್ಮಗಳಲ್ಲಿಯೂ ಆತನೇ ಮಾತನಾಡುತ್ತಾನೆಂಬ ಮತವು ಸಲ್ಲದೆಂದೂ ಸಾರಿತು. ಅದನ್ನು ಬರೆದವರಲ್ಲಿ ಪ್ರಮುಖರಾದ ಜಾನ್ ಸ್ಟಾಟರು ಮಾತ್ರ, ಕೇಳದವರ ಗತಿಯನ್ನು ಕುರಿತು ತಮಗೆ ನಿಶ್ಚಯವಾಗಿ ತಿಳಿಯದೆಂದು ಪ್ರಾಮಾಣಿಕವಾಗಿ ಒಪ್ಪಿದರು. 2000ದಲ್ಲಿ ರೋಮಿನಿಂದ ಹೊರಟ ಪ್ರಕಟಣೆಯೊಂದು, ಅನ್ಯಧರ್ಮೀಯರಿಗೆ ದೈವಕೃಪೆ ದೊರೆಯಬಹುದಾದರೂ ಅವರ ಸ್ಥಿತಿಯು ಬಹಳ ಕೊರತೆಯುಳ್ಳದ್ದೆಂದು ಹೇಳಿ ನೋವನ್ನುಂಟುಮಾಡಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳ ವಿಷಯದಲ್ಲಿಯೂ, ಅವು ರಕ್ಷಿತವಾಗುವುವೆಂದು ಆಶಿಸಲು ಕಾರಣವುಂಟೆಂಬ ಪಂಡಿತರ ವರದಿಯು ರೋಮಿನಿಂದ ಬಂದುದು 2007ರಲ್ಲಿ.

ಮಲ್ಲೇಶ್ವರದ ಗುರುಮಠದ ಆವರಣದಲ್ಲಿ ಕಥೋಲಿಕರ ಗ್ರಂಥ ಪ್ರಕಾಶನ ಸಂಸ್ಥೆಯೊಂದು ನೆಲೆಸಿದೆ. ಬಹುಕಾಲ ಭಾರತದಲ್ಲಿ ಬೋಧಿಸಿದ ನಾಯ್ನರ್ ಮತ್ತು ದ್ಯುಪ್ಯುಯಿ ಎಂಬ ಇಬ್ಬರು ಯೇಸುಸಭೆಯ ಪಂಡಿತರು ಸಂಪಾದಿಸಿದ, ಕಥೋಲಿಕ ಬೋಧನೆಯ ಮೂಲಪತ್ರಗಳ ದೊಡ್ಡ ಸಂಕಲನವನ್ನು ಆ ಸಂಸ್ಥೆಯು ಮತ್ತೆ ಮತ್ತೆ ಅಚ್ಚುಹಾಕಿಸಿ ಲೋಕದ ನಾನಾ ದೇಶಗಳಿಗೆ ಕಳುಹಿಸಿದೆ. ಅನ್ಯಮತೀಯರೆಲ್ಲರನ್ನೂ ಬೆಂಕಿಗೆ ಒಪ್ಪಿಸಿದ 1442ರ ನಿರ್ಣಯವೂ, ಶುದ್ಧ ಹೃದಯದಿಂದ ಅರಸಿದವರಿಗೆ ಬಾಗಿಲು ತೆರೆದ 1964ರ ಘೋಷಣೆಯೂ ಆ ಒಂದೇ ಸಂಪುಟದಲ್ಲಿ, ಒಂದನ್ನೂ ಬಿಡದೆ, ಕಾಲಾನುಕ್ರಮದಲ್ಲಿ ಮುದ್ರಿತವಾಗಿವೆ.